ಪಾಪ, ಟಬೆಬುಯಾನ ಯಾಕ್ರೀ ಬೈತೀರಿ?

ಬೆಂಗಳೂರಲ್ಲಿ ಫೆಬ್ರುವರಿ ಬಂದರೆ ಗುಲಾಬಿ ಟಬೆಬುಯಾ ಫೋಟೊಗಳ ಕೆಳಗೇ ದೂರುಗಳೂ ಶುರು: "ಈ ಮರ ಹೂಬಿಟ್ಟಾಗಿಂದ ಸೀನು ನಿಂತಿಲ್ಲ." ಟಬೆಬುಯಾದ ಪರಾಗ ಅಂಟಂಟು, ಜೇನುಹುಳದ ಮೈಗೆ ಮೆತ್ತಿಕೊಳ್ಳೋಕೇ ಇರೋದು, ಗಾಳಿಗೆ ಹೆಚ್ಚು ಏಳೋದಿಲ್ಲ. ಅಲರ್ಜಿಯ ಸೀನು ತರೋದು ಹೆಚ್ಚಾಗಿ ಗಾಳಿಯಲ್ಲಿ ತೇಲಿ ಮೂಗಿಗೆ ಬರೋ ಪರಾಗ. ಬಣ್ಣ, ಮಕರಂದ ಎಲ್ಲ ಹುಳುಹಕ್ಕಿಗಳನ್ನು ಕರೆಯೋ ಮರಗಳ ಖರ್ಚು. ಗಾಳಿಯನ್ನೇ ನಂಬಿದ ಮರಕ್ಕೆ ಆ ಆಡಂಬರ ಯಾಕೆ? ಅದರ ಹೂವು ನಮ್ಮ ಕಣ್ಣಿಗೇ ಬೀಳೋದಿಲ್ಲ.

ಸರ್ವೆ ಮರವನ್ನೇ ನೋಡಿ. ಸೂಜಿ ಎಲೆಯಂತೆ ಕಾಣೋ ಕಡ್ಡಿಗಳ ತುದಿಯಲ್ಲಿ ಕಂದು ಬಣ್ಣದ ಸಣ್ಣ ತೆನೆ ಇರುತ್ತೆ, ಅದೇ ಗಂಡು ಹೂವು. ಬಿಸಿಲೇರಿದ ಮೇಲೆ ಕಪ್ಪು ಕಾಗದ ಹಿಡಿದು ಕೊಂಬೆ ತಟ್ಟಿದರೆ ಹಳದಿ ಪುಡಿ ಉದುರುತ್ತೆ. ಒಂದೊಂದು ಕಣ ಸುಮಾರು 30 ಮೈಕ್ರಾನ್, ನಮ್ಮ ಕೂದಲಿನ ಅರ್ಧ ದಪ್ಪವೂ ಇಲ್ಲ. ದಕ್ಷಿಣದಲ್ಲಿ ಇದು ವರ್ಷಕ್ಕೆರಡು ಸಲ ಹೂಬಿಡುತ್ತೆ, ಫೆಬ್ರುವರಿ ಆಸುಪಾಸು ಒಮ್ಮೆ, ಸೆಪ್ಟೆಂಬರ್ ಆಸುಪಾಸು ಇನ್ನೊಮ್ಮೆ. ಮೊದಲನೇ ಸರದಿ ಟಬೆಬುಯಾ ಹೂಬಿಡೋ ಹೊತ್ತಿಗೇ ಬೀಳೋದರಿಂದ ಬೈಗುಳ ಟಬೆಬುಯಾ ಪಾಲಿಗೆ! ತಪಸಿ ಮರವೂ ಅದೇ ಹೊತ್ತಿಗೆ ಎಲೆ ಉದುರಿಸಿ ಬೋಳು ಕೊಂಬೆಯಲ್ಲೇ ಹೂಬಿಡುತ್ತೆ, ಪರಾಗಕ್ಕೆ ಎಲೆಯ ಅಡ್ಡಿಯೂ ಇಲ್ಲ. ಬೇಸಿಗೆಯಲ್ಲಿ ಹಾರೋ ಬೂರುಗದ ಹತ್ತಿ ಅಂತೂ ಪರಾಗವೇ ಅಲ್ಲ, ಬೀಜ ಹೊತ್ತ ಅರಳೆ. ಮಳೆಗಾಲದಲ್ಲಿ ತೊಂದರೆಯಾದರೆ ಮರ ಬಿಟ್ಟು ಕಾಂಗ್ರೆಸ್ ಗಿಡ, ಹುಲ್ಲಿನ ಕಡೆ ನೋಡಿ.

ಇಬ್ಬನಿ ಆರಿ ಪರಾಗಕೋಶ ಒಣಗಿ ಒಡೆದ ಮೇಲೇ ಪುಡಿ ಗಾಳಿಗೆ ಏಳೋದು. ಹಾಗಾಗಿ ಈ ಮರಗಳು ಹೂಬಿಡೋ ತಿಂಗಳುಗಳಲ್ಲಿ ಬಿಸಿಲೇರೋ ಹೊತ್ತಿಗೆ ಕಿಟಕಿ ಮುಚ್ಚಿಡಿ, ಟವೆಲ್, ದಿಂಬಿನ ಕವರು ಟೆರೇಸಲ್ಲಿ ಒಣಗಿಸಬೇಡಿ. ರಾತ್ರಿ ತಲೆ ತೊಳೆದು ಮಲಗಿ. ಇಲ್ಲದಿದ್ದರೆ ಕೂದಲಲ್ಲಿ ಕೂತ ಪರಾಗ ದಿಂಬಿಗೆ, ದಿಂಬಿನಿಂದ ಮೂಗಿಗೆ.

ಮೂಗು ತೊಳೆಯೋದಾದರೆ ಕುದಿಸಿ ಆರಿಸಿದ 250 ಎಂಎಲ್ ನೀರಿಗೆ ಅರ್ಧ ಟೀಚಮಚಕ್ಕಿಂತ ಸ್ವಲ್ಪ ಕಡಿಮೆ, ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೂ ಉರಿ, ಹೆಚ್ಚಾದರೂ ಉರಿ. ನಲ್ಲಿ ನೀರು ನೇರವಾಗಿ ಬೇಡವೇ ಬೇಡ.

ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇ ಎರಡೇ ದಿನಕ್ಕೆ "ಕೆಲಸ ಮಾಡ್ತಿಲ್ಲ" ಅಂತ ಬಿಸಾಡೋರೇ ಜಾಸ್ತಿ. ಅದರ ಪೂರ್ತಿ ಫಲ ಕಾಣೋಕೆ ಒಂದೆರಡು ವಾರ ಬೇಕು, ಅದಕ್ಕೇ ಸೀಸನ್ನಿಗೆ ಮುಂಚೆಯೇ ಶುರುಮಾಡೋದು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆಗೆ ತಿರುಗಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತೆ, ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತೆ. ಕಟ್ಟಿದ ಮೂಗನ್ನು ತಕ್ಷಣ ಬಿಡಿಸೋ ಡ್ರಾಪ್ಸ್ ಬೇರೆ ಜಾತಿ. ಅದನ್ನು ಐದು ದಿನ ದಾಟಿಸಿದರೆ ಡ್ರಾಪ್ಸಿನಿಂದಲೇ ಮೂಗು ಕಟ್ಟುತ್ತೆ.

ಯಾವ ಮರ ಅಂತ ತಿಳಿಯೋಕೆ ಚರ್ಮದ ಚುಚ್ಚು ಪರೀಕ್ಷೆ ಮಾಡಿಸೋದಾದರೆ, ಡಾಕ್ಟರನ್ನು ಕೇಳಿ ಸಿಟ್ರಿಜಿನ್ ತರದ ಅಲರ್ಜಿ ಮಾತ್ರೆ ಒಂದು ವಾರ ಮೊದಲೇ ನಿಲ್ಲಿಸಿ, ಅದು ಗುಳ್ಳೆ ಏಳೋದನ್ನೇ ತಡೆಯುತ್ತೆ. ಪರೀಕ್ಷೆ ಸರಿಯಿದೆಯಾ ಅಂತ ನೋಡೋಕೆ ಚುಚ್ಚೋ, ಯಾರಿಗಾದರೂ ಗುಳ್ಳೆ ಎಬ್ಬಿಸಬೇಕಾದ ಹಿಸ್ಟಮಿನ್ ಜಾಗದಲ್ಲೂ ಗುಳ್ಳೆ ಏಳದಿದ್ದರೆ ಆ ರಿಪೋರ್ಟಿನ ಉಳಿದ ಸೊನ್ನೆಗಳನ್ನು ನಂಬಬೇಡಿ.