ಬೇರಿಂಗ್ ಹೋಗೇತಿ

ನಟ್ ಸಡಿಲ ಇರೋವರೆಗೆ ಬೈಕಿನ ಮುಂದಿನ ಗಾಲಿ ಗಿರ್ರನೆ ತಿರುಗುತ್ತೆ. ಬಿಗಿ ಮಾಡಿದರೆ ಅರ್ಧ ಸುತ್ತಿಗೇ ಗೊರ್ ಅಂತ ನಿಲ್ಲುತ್ತೆ. ಸಡಿಲಿಸಿದರೆ ಗಿರ್ರ್, ಬಿಗಿದರೆ ಗೊರ್. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಬಂದು, "ಬ್ರೇಕ್ ಲೈನರ್ ಬದಲಿಸೋದಲ್ವಾ, ಅರ್ಧ ಗಂಟೆ ಕೆಲಸ" ಅಂತ ಕೂತವರಿಗೆಲ್ಲ ಈ ಸಂಗೀತ ಕಚೇರಿ ಗೊತ್ತು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಹೊತ್ತಾದರೂ ಗಾಡಿ ಎದ್ದಿರಲ್ಲ.

ಗಾಡಿಗೂ ವಯಸ್ಸಾಗಿದೆ ಅನ್ನಿ. ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ ನಿಂತದ್ದು 1996ರಲ್ಲಿ. ಮೈಸೂರಿನ ಹಳೇ ಯೆಜ್ಡಿ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಪಾಲು ತಗೊಂಡು ಜಿಲ್ಲೆ ಆಗಿದ್ದು 1997ರಲ್ಲಿ. ಜಿಲ್ಲೆಗಿಂತ ಸೀನಿಯರ್ ಆದ ಗಾಡಿ ಎದುರು ಮಂಡಿಯೂರೋದರಲ್ಲಿ ಅವಮಾನ ಏನಿಲ್ಲ. ಕಿರಿಕಿರಿ ಆಗೋದು ಮಂಡಿಯೂರಿದ ಮೇಲೆ ಬರೋ ಹಿರಿಯರಿಂದ.

ಓಣಿಗೊಬ್ಬರಂತೆ ಇವರು ಸ್ಯಾಂಕ್ಷನ್ ಆಗಿದ್ದಾರೆ. ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದಿಗೆ ಎದ್ದು ಬರ್ತಾರೆ. ಕೈ ಎರಡೂ ಬೆನ್ನ ಹಿಂದೆ. ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಗೋವರೆಗೆ ಮಾತಿಲ್ಲ. ಆಮೇಲೆ ಬಲಗೈ ಹೊರಗೆ ಬರುತ್ತೆ, ಒಂದೇ ಬೆರಳಲ್ಲಿ ಗಾಲಿ ತಳ್ಳುತ್ತೆ, ವಾಪಸ್ ಬೆನ್ನ ಹಿಂದೆ ಹೋಗುತ್ತೆ. ಕಣ್ಣು ಮುಚ್ಚಿ, ಕಿವಿ ವಾಲಿಸಿ ಕೇಳಿ, ತೀರ್ಪು: "ಬೇರಿಂಗ್ ಹೋಗೇತಿ."

ಹೋಗಿರಲ್ಲ. ನಟ್ ಸಡಿಲ ಇದ್ದಾಗ ಸಲೀಸಾಗಿ ತಿರುಗೋ ಗಾಲಿಯ ಬೇರಿಂಗ್ ಬಿಗಿದ ತಕ್ಷಣ ಹೇಗೆ ಹೋಗುತ್ತೆ? ಮೊದಲು ಬ್ರೇಕ್ ಕೇಬಲ್ಲಿನ ಅಡ್ಜಸ್ಟರ್ ಪೂರ್ತಿ ಸಡಿಲ ಬಿಡಿ. ಈಗ ನಟ್ ಬಿಗಿದರೂ ಗಾಲಿ ತಿರುಗಿದರೆ ತಕರಾರು ಲೈನರಿನದು. ಆಗಲೂ ಹಿಡಿದರೆ ಗಾಲಿ ನಡುವೆ ತೂರೋ ಸರಳಿಗೆ, ಅಂದರೆ ಆಕ್ಸಲ್ಲಿಗೆ ಪೋಣಿಸಿದ ಸಾಮಾನಿನದು. ಅರ್ಧ ಜಗಳ ಇಲ್ಲೇ ಮುಗೀತು.

ಆರ್‌ಎಕ್ಸಿನಲ್ಲಿ ಸ್ಪೀಡೋಮೀಟರಿನ ಗೇರು, ಲೈನರ್ ಕೂರಿಸಿರೋ ಬ್ರೇಕ್ ಪ್ಲೇಟಿನೊಳಗೇ ಕೂತಿರುತ್ತೆ. ಗಾಲಿ ಅದನ್ನು ತಿರುಗಿಸೋದು ತೆಳು ತಗಡಿನ ಕಿವಿಗಳಿಂದ. ಕಿವಿ ಕಚ್ಚಿಗೆ ಸರಿಯಾಗಿ ಕೂತರೆ ಪ್ಲೇಟು ಟಕ್ ಅಂತ ಗಾಲಿ ನಡುವಿನ ಹಬ್ಬಿನೊಳಗೆ ಇಳಿಯುತ್ತೆ. ಕೂರದಿದ್ದರೆ ಒಂದೆರಡು ಮಿಲಿಮೀಟರ್ ಹೊರಗೇ ನಿಲ್ಲುತ್ತೆ. ಬರಿಗಣ್ಣಿಗೆ ಅದೇನೂ ಅನ್ನಿಸಲ್ಲ. "ನಟ್ ಬಿಗಿದರೆ ತಾನೇ ಒಳಗೆ ಹೋಗುತ್ತೆ" ಅಂತ ಎಳೆದಿರೋ, ಕಿವಿ ಮಡಚಿಕೊಂಡು ಗಾಲಿ ಹಿಡಿಯುತ್ತೆ. ಆಮೇಲೆ ಜನ್ಮದಲ್ಲಿ ಮುಳ್ಳು ಸೊನ್ನೆ ಬಿಟ್ಟು ಏಳಲ್ಲ. ಪ್ಲೇಟನ್ನು ಬೆರಳಲ್ಲೇ ಒತ್ತಿ ಹಿಡಿದು, ಗಾಲಿಯನ್ನು ನಿಧಾನ ತಿರುಗಿಸಿ, ಟಕ್ ಅಂದ ಮೇಲೇ ಗಾಲಿ ಹಿಡಿಯೋ ಫೋರ್ಕಿನ ಕಡೆ ಒಯ್ಯಬೇಕು. ಅಷ್ಟರಲ್ಲಿ ಹಿರಿಯರಿಗೆ ಮುಳ್ಳು ಏಳದ ವಿಷಯ ಗೊತ್ತಾಗಿರುತ್ತೆ. ಅದಕ್ಕೂ ಕಾರಣ ಬೇರಿಂಗೇ. ಹಾರ್ನ್ ಸಣ್ಣಗೆ ಹೊಡೆದುಕೊಳ್ತಿದ್ದರೆ ಅದಕ್ಕೂ.

ಅವರ ಭವಿಷ್ಯ ನಿಜ ಆಗೋ ದಾರಿ ಒಂದಿದೆ. ಹಬ್ಬಿನ ಎರಡು ಬೇರಿಂಗುಗಳ ನಡುವೆ ಒಂದು ಉದ್ದನೆಯ ಕೊಳವೆ ಇರುತ್ತೆ, ಸ್ಪೇಸರ್. ಬೇರಿಂಗ್ ಬದಲಿಸೋವಾಗ ಅದು ಉರುಳಿ ಬೆಂಚಿನಡಿ ಸೇರಿ, ಎರಡನೇ ಬೇರಿಂಗ್ ಬಡಿದು ಕೂರಿಸಿಯೂ ಆಗಿರುತ್ತೆ. ಈಗ ನಟ್ ಬಿಗಿದಷ್ಟೂ ಎರಡೂ ಒಳಬಳೆಗಳು ಒಂದರ ಕಡೆಗೊಂದು ಎಳೆದುಕೊಂಡು ಗೋಲಿಗಳನ್ನು ಪಕ್ಕದಿಂದ ಅಮುಕುತ್ತವೆ. ಅದೇ ಗಿರ್ರ್, ಗೊರ್. ಹಾಗೇ ಓಡಿಸಿದರೆ ಸ್ವಲ್ಪ ದಿನದಲ್ಲಿ ಬೇರಿಂಗ್ ನಿಜಕ್ಕೂ ಹೋಗುತ್ತೆ, ಹಿರಿಯರು ಗೆಲ್ತಾರೆ. ಅದಕ್ಕಾದರೂ ಸ್ಪೇಸರ್ ಮರೀಬೇಡಿ. ಹೊಸ ಬೇರಿಂಗನ್ನು ಹೊರಬಳೆ ಮೇಲಷ್ಟೇ ಬಡಿಯಬೇಕು. ಅದೇ ಸೈಜಿನ ಹಳೇದನ್ನು ಮೇಲಿಟ್ಟು ಬಡಿದರೆ ಸುತ್ತಲೂ ಸಮ ಕೂರುತ್ತೆ.

ಇನ್ನು ತಮಾಷೆ ಇಲ್ಲದ ಭಾಗ. ಫೋರ್ಕಿನ ಒಂದು ಕಾಲಿನ ಒಳಮೈಯಲ್ಲಿ ಉಬ್ಬು ಇದೆ, ಬ್ರೇಕ್ ಪ್ಲೇಟಿನಲ್ಲಿ ಅದಕ್ಕೊಂದು ಕಚ್ಚು. ಬ್ರೇಕ್ ಹಿಡಿದಾಗ ಪ್ಲೇಟು ಗಾಲಿ ಜೊತೆ ತಿರುಗದಂತೆ ತಡೆಯೋದು ಈ ಉಬ್ಬೊಂದೇ. ಅದು ಕಚ್ಚಿನೊಳಗೆ ಕೂತಿಲ್ಲ ಅಂದರೆ ಮೊದಲ ಗಟ್ಟಿ ಬ್ರೇಕಿಗೆ ಪ್ಲೇಟು ಸುತ್ತಿ, ಕೇಬಲ್ ಕಿತ್ತು, ಗಾಲಿ ಕಚ್ಚಿಕೊಂಡು, ಸವಾರ ಹ್ಯಾಂಡಲ್ ದಾಟಿ ಮುಂದೆ ಬೀಳ್ತಾನೆ. ಆಕ್ಸಲ್ ತೂರಿಸೋ ಮುಂಚೆ ಬಗ್ಗಿ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಬುಲೆಟ್ಟಿನವರು ನಗಬೇಕಿಲ್ಲ. ಕೆಳಗಿನ ಕ್ಯಾಪ್ ಬಿಚ್ಚಿದರೆ ಗಾಲಿ ಇಳಿಯುತ್ತೆ ನಿಜ, ಆದರೆ ಎಡಬಲದ ಕ್ಯಾಪು ಅದಲುಬದಲಾದರೆ ನಿಮ್ಮ ಕಥೆ ಬೇರೆ.

ಈ ಉಬ್ಬು ಕೂರಿಸೋಕೆ ಮನುಷ್ಯನಿಗೆ ಮೂರು ಕೈ ಬೇಕು. ಗಾಲಿ ಎತ್ತೋಕೆ ಒಂದು, ಪ್ಲೇಟು ತಿರುಗಿಸೋಕೆ ಒಂದು, ಆಕ್ಸಲ್ ತೂರಿಸೋಕೆ ಒಂದು. ಪಕ್ಕದಲ್ಲೇ ಎರಡು ಕೈ ಖಾಲಿ ಇವೆ, ಬೆನ್ನ ಹಿಂದೆ. ಅವು ಬರಲ್ಲ. ಗಾಲಿಯಡಿ ಹಲಗೆ ಚೂರು ತುರುಕಿ ಎತ್ತರ ಸರಿಮಾಡಿಕೊಳ್ಳಿ, ಮೂರನೇ ಕೈ ಉಳಿಯುತ್ತೆ. ಆಕ್ಸಲ್ಲಿಗೆ ತೆಳ್ಳಗೆ ಗ್ರೀಸ್ ಹಚ್ಚಿ ತಿರುಗಿಸುತ್ತ ತಳ್ಳಿ, ಸುತ್ತಿಗೆ ಬೇಡ. ಸುತ್ತಿಗೆ ಬೇಕು ಅನ್ನಿಸಿತೆಂದರೆ ಆಕ್ಸಲ್ಲಿನ ಯಾವುದೋ ಬಳೆ, ಅಂದರೆ ಕಾಲರ್, ಅಡ್ಡ ಬಂದಿದೆ.

ಹಿರಿಯರಿಗೆ ಕೆಲಸ ಕೊಡೋ ಹೊತ್ತು ಈಗ. ನಟ್ಟನ್ನು ಕೈಬಿಗಿಯಲ್ಲಿ ಬಿಟ್ಟು, ಅಡ್ಜಸ್ಟರ್ ಎಂದಿನಂತೆ ಮಾಡಿ, ಬ್ರೇಕ್ ಲಿವರ್ ಅವರ ಕೈಗೆ ಕೊಡಿ: "ಗಟ್ಟಿ ಹಿಡ್ಕೊಳ್ರಿ, ಬಿಡಬ್ಯಾಡ್ರಿ." ಲೈನರ್ ಎರಡೂ ಹಬ್ಬಿನ ಒಳಗೋಡೆಗೆ, ಅಂದರೆ ಡ್ರಮ್ಮಿಗೆ ಒತ್ತಿಕೊಂಡಾಗ ಪ್ಲೇಟು ತಾನೇ ನಡುಮಧ್ಯಕ್ಕೆ ಬರುತ್ತೆ. ಆ ಸ್ಥಿತಿಯಲ್ಲೇ ನಟ್ ಬಿಗಿಯಬೇಕು. ಎಷ್ಟೋ ಗೊರ್ ಹುಟ್ಟೋದೇ ಇದನ್ನು ಬಿಟ್ಟದ್ದರಿಂದ. ಫೋರ್ಕಿನ ಕಾಲಿಗೆ ಆಕ್ಸಲ್ಲನ್ನು ಅಮುಕಿ ಹಿಡಿಯೋ ಪಿಂಚ್ ಬೋಲ್ಟ್ ಇದ್ದರೆ ಅದನ್ನು ಕೊನೆಗೆ ಬಿಡಿ. ಸ್ಟ್ಯಾಂಡಿನಿಂದ ಇಳಿಸಿ, ಹ್ಯಾಂಡಲ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಅದುಮಿ, ಕಾಲು ತನ್ನ ಜಾಗಕ್ಕೆ ಬಂದ ಮೇಲೆ ಬಿಗಿಯಿರಿ.

ಲಿವರ್ ಹಿಡಿದ ಆ ಕೈಯನ್ನು ಹತ್ತಿರದಿಂದ ನೋಡಿದರೆ ಸ್ವಲ್ಪ ಸಿಟ್ಟು ಇಳಿಯುತ್ತೆ. ಉಗುರು ಚಪ್ಪಟೆ, ಹೆಬ್ಬೆರಳ ಬುಡದಲ್ಲಿ ಹಳೇ ಗಾಯ. ಹತ್ತಿ ಮಿಲ್ಲಿನ ಫಿಟ್ಟರ್ ಕೈ. ಸ್ಕ್ರೂಡ್ರೈವರಿನ ತುದಿ ಮಷೀನಿಗೆ, ಹಿಡಿ ಕಿವಿಗೆ ಒತ್ತಿಕೊಂಡು ಅಷ್ಟು ಗದ್ದಲದಲ್ಲೂ ಕೆಟ್ಟ ಬೇರಿಂಗ್ ಯಾವುದು ಅಂತ ಬೆರಳಿಟ್ಟು ತೋರಿಸ್ತಿದ್ದವರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕೇಳೋಕೆ ಈಗ ಓಣಿಯ ಗಾಡಿಗಳಷ್ಟೇ ಉಳಿದಿವೆ.

ನಟ್ ಸಡಿಲ ಆಗದಂತೆ ತಡೆಯೋ ಕಾಟರ್ ಪಿನ್ ಹೊಸದೇ ಹಾಕಿ. ಹಳೇದನ್ನು ನೆಟ್ಟಗೆ ಮಾಡಿ ಮತ್ತೆ ತೂರಿಸೋ ಜಿಪುಣತನ ಮುಂದಿನ ಗಾಲಿಗೆ ಬೇಡ. ಮೊದಲ ಸುತ್ತು ಓಣಿಯೊಳಗೇ, ನಡಿಗೆ ವೇಗದಲ್ಲಿ. ಹೊಸ ಲೈನರ್ ಒಮ್ಮೆಗೇ ಹಿಡಿಯಲ್ಲ, ಪಿ.ಬಿ. (ಪುಣೆ-ಬೆಂಗಳೂರು) ರೋಡಿಗೆ ಇಳಿಯೋಕೆ ಅವಸರ ಬೇಡ. ಆಮೇಲೆ ಯಾವುದಾದರೂ ರೈಲ್ವೆ ಗೇಟಿನ ಕಡೆ ಹೊರಡಿ. ಗೇಟು ಹಾಕಿಯೇ ಇರುತ್ತೆ. ರೈಲು ಬರೋವರೆಗೆ ಇಳಿದು, ಕೈಹಿಂಬದಿಯಿಂದ ಡ್ರಮ್ ಮುಟ್ಟಿ ನೋಡೋಕೆ ಬೇಕಾದಷ್ಟು ಹೊತ್ತು ಸಿಗುತ್ತೆ. ಉಗುರುಬೆಚ್ಚಗಿದ್ದರೆ ಸರಿ. ಚುರ್ ಅಂದರೆ ಅಡ್ಜಸ್ಟರ್ ಅರ್ಧ ಸುತ್ತು ಸಡಿಲಿಸಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೀಲಿ, ಗೇಟು ಇನ್ನೂ ಎದ್ದಿಲ್ಲ.