ಭಾಮಿನಿಯ ಕಾಲು ಮುರಿಯಬೇಡಿ

ತಿಂಡಿ, ಟ್ರಾಫಿಕ್ಕು, ಕರೆಂಟ್ ಬಿಲ್ಲಿನ ಮೇಲೆ ಅಣಕ ಬರೆಯುವವರೇ, ಗದ್ಯವನ್ನು ಆರು ಸಾಲಾಗಿ ಒಡೆದು 'ಭಾಮಿನಿ ಷಟ್ಪದಿ' (ಕುಮಾರವ್ಯಾಸ ತನ್ನ ಭಾರತ ಬರೆದ ಆರು ಸಾಲಿನ ಛಂದಸ್ಸು) ಅಂತ ಹಾಕೋದನ್ನು ದಯವಿಟ್ಟು ನಿಲ್ಲಿಸಿ. ಹೊಟ್ಟೆ ಉರಿಯುತ್ತೆ. ಮೊದಲು ಕುಮಾರವ್ಯಾಸನ ಗತ್ತು ಕಿವಿಗೆ ಬೀಳಬೇಕು, ಆಮೇಲೇ ಅಲ್ಲಿ ಬಂದ ಚಟ್ನಿಗೆ ನಗು. ಆ ಗತ್ತು ಇರೋದೇ ಮಾತ್ರೆಯಲ್ಲಿ, ಅಂದರೆ ಅಕ್ಷರ ಉಚ್ಚರಿಸೋಕೆ ಹಿಡಿಯುವ ಕಾಲದ ಅಳತೆಯಲ್ಲಿ (ಲಘು ಅಕ್ಷರಕ್ಕೆ 1, ಗುರುವಿಗೆ 2). ಮಾತ್ರೆಗಳ ಒಂದೊಂದು ಗುಂಪು ಒಂದು ಗಣ: 1, 2, 4, 5ನೇ ಸಾಲಿಗೆ 3+4+3+4, ಒಟ್ಟು 14, 3 ಮತ್ತು 6ಕ್ಕೆ 3+4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23.

'ಕೇಳು ಭೂಪತಿ ಚಟ್ನಿಯಿಲ್ಲದ' ಅನ್ನಿ, ಸರಿಯಾಗಿ ಕೂರುತ್ತೆ. ಒತ್ತಕ್ಷರದ ಹಿಂದಿನ 'ಚ' ಗುರು, ಹಾಗಾಗಿ ಚಟ್ನಿಗೆ 3 ಮಾತ್ರೆ. 'ಚಟ್ನಿಯಿಲ್ಲದ' ಜಾಗಕ್ಕೆ 'ಪೆಟ್ರೋಲಿಲ್ಲದ' ತುರುಕಿದರೆ 7ರ ಬದಲು 8. ಗಣ 'ಟ್ರೋ' ನಡುವೆ ಸೀಳುತ್ತೆ. ರಾಗವಾಗಿ ಓದಿ ನೋಡಿ, ಅಲ್ಲೇ ಮುಗ್ಗರಿಸ್ತೀರಿ.

ಇನ್ನು ಪ್ರಾಸ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. 'ಇಡ್ಲಿ' ಅಂತ ಶುರು ಮಾಡಿದರೆ ಇನ್ನೂ ಐದು 'ಡ್ಲ' ಎಲ್ಲಿಂದ ತರ್ತೀರಿ? ಇಡ್ಲಿ ಸಾಲಿನೊಳಗಿರಲಿ, ಶುರುವಿಗೆ ಕೇಳು, ತಾಳು, ಬಾಳೆ, ಹೋಳಿಗೆ ಸಾಕು.

ಮತ್ತೆ, ಎಲ್ಲ ಪದವೂ ಬೀದಿಯದೇ ಆದರೆ ಅಣಕ ಎಲ್ಲಿ ಉಳೀತು? ಎರಡು ಸಾಲಾದರೂ ಭೂಪತಿ, ಧರಣಿಪ ಅಂತ ಗಂಭೀರವಾಗಿ ನಡೆಸಿ, ಮೂರನೇ ಸಾಲಿನ ಕೊನೆಯಲ್ಲಿ ಚಟ್ನಿ ಬಡಿಸಿ.