ಅಂಟದ ಚೀಟಿಗೆ ಗೋಂದು

ಡಿಸೈನ್ ಥಿಂಕಿಂಗ್, ಅಂದರೆ ಡಿಸೈನರುಗಳ ಹಾಗೆ ಹಂತಹಂತವಾಗಿ ಸಮಸ್ಯೆ ಬಿಡಿಸುವ ಪಾಠ, ಕಂಡಕಂಡವರಿಗೆಲ್ಲ ಕಡ್ಡಾಯವಾಗುತ್ತಿರುವ ಸುದ್ದಿ ನೀವೂ ಓದಿರುತ್ತೀರಿ. ಇಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳು ಇದನ್ನು ಕಲಿಯಲು ಹತ್ತಿ ಆಗಲೇ ಕೆಲವು ವರ್ಷ ಆಯಿತು. ಒಂದು ಕ್ರೆಡಿಟ್ಟು, ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆ. ಸೃಜನಶೀಲತೆಗೆ ನಾಲ್ಕು ದಾರಿ: ಎ, ಬಿ, ಸಿ, ಡಿ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆ ಮಕ್ಕಳು ಇದಕ್ಕಿಂತ ದೊಡ್ಡ ಗಂಡಾಂತರಗಳನ್ನೂ ದಾಟಿ ಬಂದಿದ್ದಾರೆ.

ಈಗ ಅದು ವಿಷುವಲ್ ಕಮ್ಯುನಿಕೇಶನ್ ಎಂ.ಎ. ಕೊನೆಯ ವರ್ಷದವರ ತನಕ ಬಂದಿದೆ. ಐದು ವರ್ಷದಿಂದ ಅಕ್ಷರ ತಿದ್ದಿ, ಬಣ್ಣ ಕಲಸಿ, ರಾತ್ರಿಯೆಲ್ಲ ಪರದೆ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡ ಮಕ್ಕಳನ್ನು ಕೂರಿಸಿ, ‘ಡಿಸೈನರ್ ಥರ ಯೋಚಿಸುವುದು ಹೇಗೆ’ ಎಂದು ಹೇಳಿಕೊಡುವುದು. ಉಡುಪಿಯ ಅಡುಗೆ ಭಟ್ಟರನ್ನು ಸಾಲಾಗಿ ಕೂರಿಸಿ ‘ಸಾಂಬಾರ್ ಥಿಂಕಿಂಗ್’ ಅಂತ ಪಿಪಿಟಿ ತೋರಿಸಿದ ಹಾಗೆ. ಭಟ್ಟರಾದರೆ ಎದ್ದುಹೋಗುತ್ತಿದ್ದರು. ಮಕ್ಕಳಿಗೆ ಅಟೆಂಡೆನ್ಸ್ ಇದೆ.

ಇಂಥದ್ದೊಂದು ತರಗತಿಗೆ ಬಾಹ್ಯ ಪರೀಕ್ಷಕನಾಗಿ ಹೋಗುವ ಭಾಗ್ಯ ಮೊನ್ನೆ ನನಗೆ ಸಿಕ್ಕಿತ್ತು. ವಿಶ್ವವಿದ್ಯಾಲಯದ ಹೆಸರು ಬೇಡ; ನನ್ನ ಪ್ರಯಾಣ ಭತ್ಯೆಯ ಬಿಲ್ಲು ಇನ್ನೂ ಅವರ ಹತ್ತಿರವೇ ಇದೆ.

ಗೋಡೆಯ ಮೇಲೆ ಜೇನುಗೂಡಿನಂಥ ಐದು ಷಟ್ಕೋನ, ಡಿಸೈನ್ ಥಿಂಕಿಂಗಿನ ಐದು ಹಂತ. ಅನುಭೂತಿ, ವ್ಯಾಖ್ಯಾನ, ಕಲ್ಪನೆ, ಮಾದರಿ, ಪರೀಕ್ಷೆ. ಸ್ಟ್ಯಾನ್‌ಫರ್ಡ್‌ನವರು 2005ರಲ್ಲಿ ಇದಕ್ಕೆಂದೇ ಒಂದು ಶಾಲೆ ತೆರೆದರು, ಐಡಿಯೊ ಎಂಬ ಡಿಸೈನ್ ಕಂಪನಿ ಇದನ್ನೇ ಕಟ್ಟಿ ಜಗತ್ತಿಗೆಲ್ಲ ಮಾರಿತು. ಅದೇ ಐಡಿಯೊ 2023ರಲ್ಲಿ ಮೂವರಲ್ಲಿ ಒಬ್ಬರ ಲೆಕ್ಕದಲ್ಲಿ ನೌಕರರನ್ನು ಮನೆಗೆ ಕಳಿಸಿತು. ಇರಲಿ. ಅಲ್ಲಿ ಹಳೇ ಸೀರೆಯಾದ ಮೇಲೇ ಅಲ್ಲವೇ ಇಲ್ಲಿ ಧಾರೆ ಸೀರೆಯಾಗುವುದು.

ಷಟ್ಕೋನಗಳ ಸುತ್ತ ಹಳದಿ ಚೀಟಿಗಳು. ಈ ಚೀಟಿಯ ಕತೆ ಗೊತ್ತಲ್ಲ? ತ್ರೀಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಎಂಬ ವಿಜ್ಞಾನಿ 1968ರಲ್ಲಿ ಗಟ್ಟಿ ಅಂಟು ಮಾಡಲು ಹೋಗಿ, ಅಂಟಿಯೂ ಅಂಟದಂಥ ಒಂದು ಅಂಟು ಮಾಡಿಬಿಟ್ಟ. ಅದನ್ನು ಏನು ಮಾಡಬೇಕೆಂದು ವರ್ಷಗಟ್ಟಲೆ ಯಾರಿಗೂ ತೋಚಲಿಲ್ಲ. ಕೊನೆಗೆ ಆರ್ಟ್ ಫ್ರೈ ಎಂಬ ಸಹೋದ್ಯೋಗಿ, ಚರ್ಚಿನಲ್ಲಿ ಹಾಡುವಾಗ ಕೀರ್ತನೆ ಪುಸ್ತಕದಿಂದ ಗುರುತಿನ ಚೀಟಿ ಜಾರಿ ಬೀಳುತ್ತಿದ್ದ ಕಿರಿಕಿರಿಗೆ ಇದನ್ನು ಬಳಸಿದ. 1980ರಲ್ಲಿ ಅಂಗಡಿಗೆ ಬಂತು. ಐದು ಷಟ್ಕೋನದಲ್ಲಿ ಯಾವುದರಿಂದ ಹುಟ್ಟಿತು ಅಂತ ಕೇಳಬೇಡಿ. ಒಬ್ಬನ ತಪ್ಪು, ಇನ್ನೊಬ್ಬನ ಭಜನೆ, ಹನ್ನೆರಡು ವರ್ಷ.

ನಮ್ಮ ಸುಣ್ಣದ ಗೋಡೆಗೆ ಆ ಚೀಟಿ ಒಪ್ಪಲಿಲ್ಲ. ಫ್ಯಾನ್ ಹಾಕಿದ್ದೇ ತಡ, ನೂರಾರು ಕಲ್ಪನೆಗಳು ತರಗೆಲೆ ಥರ ನೆಲಕ್ಕೆ. ಅಟೆಂಡರ್ ಬಂದು ನೋಡಿದ, ಹೋದ, ಗೋಂದಿನ ಬಾಟಲಿ ತಂದ. ಒಂದೊಂದನ್ನೇ ಎತ್ತಿ, ಬೆನ್ನಿಗೆ ಗೋಂದು ಬಳಿದು, ಅಂಗೈಯಿಂದ ಬಡಿದು ಕೂರಿಸಿದ. “ಇನ್ ನ್ಯಾಕ್‌ನೋರ್ ಬರೋ ಗಂಟ ಅಲ್ಲಾಡಲ್ಲ ಬಿಡಿ ಸಾರ್” ಅಂದ, ಕಾಲೇಜುಗಳಿಗೆ ಗ್ರೇಡ್ ಕೊಡಲು ಬರುವ ನ್ಯಾಕ್ ತಂಡವನ್ನು ನೆನೆದು. ಇಡೀ ದಿನದಲ್ಲಿ ತೊಂದರೆ ಕಂಡು ಅದನ್ನು ಅಲ್ಲೇ ನೀಗಿಸಿದವನು ಅವನೊಬ್ಬನೇ. ಅವನಿಗೆ ಪ್ರಮಾಣಪತ್ರ ಕೊಡಲಿಲ್ಲ.

ಅನುಭೂತಿಗೆ 11.30ರಿಂದ 12.15ರ ತನಕ ಸಮಯ. ಐದು ತಂಡ ಮಾಡಿ ‘ಬಳಕೆದಾರರ’ ನೋವು ಕೇಳಿಕೊಂಡು ಬನ್ನಿ ಅಂದರು. ಕ್ಯಾಂಪಸ್ಸಿನಲ್ಲಿ ಆ ಹೊತ್ತಿಗೆ ಕೈಗೆ ಸಿಗುವ ಬಳಕೆದಾರರೆಂದರೆ ಕ್ಯಾಂಟೀನ್ ಅಕ್ಕ ಒಬ್ಬರೇ. ಐದೂ ತಂಡ ಅಲ್ಲಿಗೇ ಹೋಯಿತು. ಮೊದಲನೆಯವರಿಗೆ ಅಕ್ಕ ನಿಧಾನವಾಗಿ ಹೇಳಿದರು. ಮೂರನೆಯವರಿಗೆ ಚಟ್ನಿ ರುಬ್ಬುತ್ತಾ ಹೇಳಿದರು. ಐದನೆಯವರು ಬಾಯಿ ತೆರೆಯುವ ಮೊದಲೇ, “ನನ್ ನೋವ್ ಏನಂತ ತಾನೆ ಕಣವ್ವ? ಮಂಡಿ. ಬರ್ಕೊ” ಅಂದರು. ಅದೂ ಹಳದಿ ಚೀಟಿಯಾಗಿ ಗೋಡೆ ಹತ್ತಿತು: ಮಂಡಿ. ಗೋಂದು ಸಮೇತ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚೊಂಬಿನ ಮಾತು. ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ನಮ್ಮ ಸರ್ಕಾರ ಕರೆಸಿತ್ತು, ದೇಶದ ಡಿಸೈನ್ ಹೇಗಿರಬೇಕು ಹೇಳಿ ಅಂತ. 1958ರಲ್ಲಿ ಅವರು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಶುರುವಾದದ್ದು ಅದರ ಬೆನ್ನಿಗೇ. ಆ ವರದಿಯಲ್ಲಿ ಅವರು ಅತಿ ಹೆಚ್ಚು ಮೆಚ್ಚಿಕೊಂಡ ವಸ್ತು ಯಾವುದು ಗೊತ್ತೇ? ಚೊಂಬು. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೆ, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗ ತೂಕ ಎಲ್ಲಿರಬೇಕು, ಖಾಲಿಯಾದಾಗ ಎಲ್ಲಿ, ಬಾಯಿ ಎಷ್ಟಗಲ, ಕೈಗೆ ಹೇಗೆ ಸಿಗಬೇಕು, ಬೆಲೆ ಎಷ್ಟು ಎಂದು ಉದ್ದಕ್ಕೆ ಪಟ್ಟಿ ಮಾಡಿ, ಯಾವ ಒಬ್ಬ ಮನುಷ್ಯನೂ ಇದನ್ನು ಡಿಸೈನ್ ಮಾಡಿರಲಿಕ್ಕೆ ಸಾಧ್ಯವಿಲ್ಲ ಅಂದರು. ತಲೆಮಾರುಗಳು ಸವೆಸಿ ಸವೆಸಿ ಮಾಡಿದ್ದು.

ಅವರಿಗೆ ತಿಳಿಯದೇ ಹೋದ ಇನ್ನೊಂದು ಉಪಯೋಗ ಕನ್ನಡಿಗರಿಗೆ ಗೊತ್ತು. ನಂಬಿದವರ ಕೈಗೆ ಕೊಡುವುದು. 2024ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ಪತ್ರಿಕೆಯಲ್ಲಿ ಚೊಂಬಿನ ಚಿತ್ರದ ಜಾಹೀರಾತು ಹಾಕಿದ್ದು ನೆನಪಿರಬೇಕು. ಅದಕ್ಕೆ ದೇವೇಗೌಡರು, ಕಾಂಗ್ರೆಸ್ಸಿನವರು ಕೊಟ್ಟುಹೋದ ಖಾಲಿ ಚೊಂಬನ್ನು ಮೋದಿ ಅಕ್ಷಯಪಾತ್ರೆ ಮಾಡಿದರು ಅಂದರು. ಇಡೀ ರಾಜ್ಯಕ್ಕೆ ಒಂದೇ ನೋಟಕ್ಕೆ ಅರ್ಥವಾಯಿತು, ಎರಡೂ ಕಡೆಯವರಿಗೆ. 2022ರ ‘ಪೇಸಿಎಂ’ ಪೋಸ್ಟರ್ ಕೂಡ ಹಾಗೆಯೇ. ಆಗಿನ ಮುಖ್ಯಮಂತ್ರಿಯ ಮುಖವಿದ್ದ ಆ ಕ್ಯೂಆರ್ ಕೋಡನ್ನು ಓದಲು ಫೋನೇ ಬೇಕಾಗಲಿಲ್ಲ. ರಾಜಕೀಯ ನಿಮ್ಮದು ಯಾವುದೇ ಇರಲಿ, ವಿಷುವಲ್ ಕಮ್ಯುನಿಕೇಶನ್ ಅಂದರೆ ಅದು. ಷಟ್ಕೋನ ಎಲ್ಲಿತ್ತು?

ಅಷ್ಟು ದೂರ ಯಾಕೆ, ನಮ್ಮ ಬಡಾವಣೆಯ ಫ್ಲೆಕ್ಸ್ ಅಂಗಡಿ ಹುಡುಗನನ್ನೇ ತೆಗೆದುಕೊಳ್ಳಿ. ಪಿಯುಸಿ ಫೇಲು. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮೇಲೆ ದುಂಡು ಚೌಕಟ್ಟಿನೊಳಗೆ ದೆಹಲಿಯವರು, ನಡುವೆ ಬಿಳಿ ಶರ್ಟು ತೊಟ್ಟು ಕಿವಿಗೆ ಮೊಬೈಲ್ ಇಟ್ಟ ಅಣ್ಣ, ಕೆಳಗೆ ಸ್ಟ್ಯಾಂಪ್ ಗಾತ್ರದ ಇಪ್ಪತ್ನಾಲ್ಕು ಶುಭ ಕೋರುವ ತಲೆಗಳು. ಯಾರ ತಲೆ ಅರ್ಧ ಇಂಚು ಹೆಚ್ಚಾದರೆ ಯಾರು ಮುನಿಸಿಕೊಳ್ಳುತ್ತಾರೆ, ಯಾವ ಬಣ ಒಡೆಯುತ್ತದೆ ಎಂಬುದು ಅವನಿಗೆ ಬಾಯಿಪಾಠ. ಇದಕ್ಕಿಂತ ದೊಡ್ಡ ಬಳಕೆದಾರರ ಅಧ್ಯಯನ ಉಂಟೇ? (ಬೆಂಗಳೂರಿನಲ್ಲಿ 2018ರಲ್ಲೇ ಫ್ಲೆಕ್ಸ್ ನಿಷೇಧವಾಗಿದೆ. ಹಾಗಾಗಿ ನಿಮ್ಮ ಕಣ್ಣಿಗೆ ಎಲ್ಲಾದರೂ ಬಿದ್ದಿದ್ದರೆ ಅದು ಭ್ರಮೆ.)

ಚೊಂಬು ಬಿಟ್ಟು ತರಗತಿಗೆ ಬರೋಣ. ಊಟದ ನಂತರ ವ್ಯಾಖ್ಯಾನ. ಐದೂ ತಂಡದವರು ಬೇರೆಬೇರೆ ಬಣ್ಣದ ಪೆನ್ನಿನಲ್ಲಿ ಒಂದೇ ಸಮಸ್ಯೆ ಬರೆದಿದ್ದರು: ಹೊರಗಿನಿಂದ ಬರುವ ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ಪರೀಕ್ಷಾ ವಿಭಾಗ ಎಲ್ಲಿದೆ ಅಂತ ತಿಳಿಯುವುದಿಲ್ಲ, ಎಲ್ಲರೂ ಕ್ಯಾಂಟೀನಿಗೆ ಬಂದು ಕೇಳುತ್ತಾರೆ. ಯಾಕೆ ತಿಳಿಯುವುದಿಲ್ಲ ಅಂದರೆ ಬೋರ್ಡು ಇರುವುದು ಹಿಂಬದಿಯ ಮೆಟ್ಟಿಲ ಹತ್ತಿರ, ಅದರಲ್ಲೂ ಬರೆದಿರುವುದು ‘ಪರೀಕ್‌ಷಾ ವಿಭಾಗ’. ಕ ಒಂದು ಕಡೆ, ಷ ಒಂದು ಕಡೆ, ವಿಚ್ಛೇದನವಾದ ಹಾಗೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ, ಅಕ್ಷರ ಜೋಡಿಸುವ ‘ಟೆಕ್ಸ್ಟ್ ಎಂಜಿನ್’ ಬದಲಿಸುವ ಒಂದು ಆಯ್ಕೆ ಇದೆ. ಅದನ್ನು ಒತ್ತದೆ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಆಸ್ಪತ್ರೆ, ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಎಲ್ಲಿ ನೋಡಿದರೂ ಕೆಳಗಿಳಿಯಲು ಒಪ್ಪದ ಒತ್ತುಗಳು. ಕೊಡಗಿನ ರಸ್ತೆ ಬದಿಯಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬುದರ ಕೆಳಗೆ ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಎಂದು ಇಂಗ್ಲಿಷಿನಲ್ಲಿ ಬರೆಸಿ ನಗೆಪಾಟಲಾದದ್ದು ನೆನಪಿದೆಯಲ್ಲ, ಅವರಾದರೂ ಕನ್ನಡವನ್ನು ಸರಿಯಾಗಿ ಬರೆದಿದ್ದರು.

ಮಾದರಿ ತೋರಿಸುವ ಹೊತ್ತಿಗೆ ಥರ್ಮೋಕೋಲಿನಲ್ಲಿ ಐದು ಬೋರ್ಡು ಸಿದ್ಧ. ಚೆನ್ನಾಗಿದ್ದವು. ನಾನು ಮೆಚ್ಚುಗೆಯ ಮುಖ ಮಾಡಿಕೊಂಡು, “ಇವತ್ತೇ ಹೊಳೆಯಿತೇನಮ್ಮ?” ಅಂತ ಒಬ್ಬ ಹುಡುಗಿಯನ್ನು ಕೇಳಿದೆ.

“ಇಲ್ಲ ಸರ್. ಎರಡನೇ ಸೆಮಿಸ್ಟರ್‌ನಲ್ಲೇ ಮಾಡಿ ಕೊಟ್ಟಿದ್ವಿ. ಪೂರ್ತಿ ಕ್ಯಾಂಪಸ್‌ಗೆ. ನಕ್ಷೆ, ಬಾಣದ ಗುರುತು, ಅಕ್ಷರದ ಅಳತೆ, ಎಸ್ಟಿಮೇಟು, ಎಲ್ಲ. ಫೈಲ್ ಮೇಲಕ್ಕೆ ಹೋಗಿದೆ.”

“ಆಮೇಲೆ?”

“ಮೇಲೇ ಇದೆ ಸರ್.”

ಅಲ್ಲಿಗೆ ನನ್ನ ಮೆಚ್ಚುಗೆಯ ಮುಖ ಕಳಚಿ ಬಿತ್ತು. ಈ ಮಕ್ಕಳಿಗೆ ಯೋಚನೆ ಬರುವುದಿಲ್ಲ ಅಂತ ಯಾರಪ್ಪ ಹೇಳಿದ್ದು ನಿಮಗೆ? ಸಮಸ್ಯೆ ಗೊತ್ತಿದೆ, ಉತ್ತರ ಗೊತ್ತಿದೆ, ಖರ್ಚಿನ ಲೆಕ್ಕವೂ ಕೊಟ್ಟಾಗಿದೆ. ಇಲ್ಲದಿರುವುದು ಒಂದು ಸಹಿ. ಆ ಸಹಿ ಹಾಕಬೇಕಾದವರು ಉದ್ಘಾಟನೆಗೆ ಬಂದು, ದೀಪ ಹಚ್ಚಿ, ‘ಪೆಟ್ಟಿಗೆಯಿಂದ ಹೊರಗೆ ಬಂದು ಯೋಚಿಸಿ’ ಅಂತ ಹೇಳಿ, ಕಾರು ಹತ್ತಿ ಹೋದರು. ಐದು ಷಟ್ಕೋನದಲ್ಲಿ ಒಂದರಲ್ಲೂ ಅವರಿಗೆ ಜಾಗವಿಲ್ಲ. ಅನುಭೂತಿ ಕಲಿಯಬೇಕಾದದ್ದು ಮಾತ್ರ ಇಪ್ಪತ್ಮೂರು ವರ್ಷದ ಹುಡುಗಿ, ನೋವು ಹೇಳಿಕೊಳ್ಳಬೇಕಾದದ್ದು ಕ್ಯಾಂಟೀನಿನ ಅಕ್ಕ.

ಪಾಠ ಮಾಡುತ್ತಿದ್ದ ಮೇಡಂ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ. ಯಾರ ಮನೆಯಲ್ಲಿ ಅತಿಥಿಯನ್ನು ಒಂಬತ್ತು ವರ್ಷ ನಿಲ್ಲಿಸಿಕೊಂಡು ನಾಲ್ಕು ತಿಂಗಳಿಂದ ಊಟ ಹಾಕದೆ ಇರುತ್ತಾರೆ? ಗೌರವಧನ ಬಂದಿಲ್ಲ. ಹೆಸರೇ ಗೌರವಧನ, ಎರಡೂ ಇಲ್ಲ. 2023ರ ಕೊನೆಯಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕೂತರಲ್ಲ, ಆಗ ಯಾರೂ ಚೀಟಿ ಹಿಡಿದು ಅವರ ನೋವು ಬರೆದುಕೊಳ್ಳಲು ಹೋದದ್ದು ನಾನು ಕಾಣೆ. ಈ ಮೇಡಂ ಅದೇ ಬಾಯಲ್ಲಿ ದಿನಕ್ಕೆ ಮೂರು ಗಂಟೆ ಅನುಭೂತಿ ಹೇಳಬೇಕು. ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಬಿಡುವಿನಲ್ಲಿ ಮಕ್ಕಳಿಗೆ ಅಕ್ಷರದ ಅಂತರ ತಿದ್ದಿ ತೋರಿಸುತ್ತಿದ್ದರು. ನಾನು ನೋಡಿದ ನಿಜವಾದ ಪಾಠ ಅದೊಂದೇ, ಪಠ್ಯಕ್ರಮದಲ್ಲಿ ಇರಲಿಲ್ಲ.

ಸಂಜೆ ನನ್ನ ಮುಂದೆ ಅಂಕದ ಹಾಳೆ ಇಟ್ಟರು. ಅನುಭೂತಿಗೆ ಹತ್ತಕ್ಕೆ ಎಷ್ಟು ಅಂತ ಒಂದು ಕಾಲಂ. ಎಲ್ಲರಿಗೂ ಹತ್ತು ಹಾಕಿದೆ. ಹಾಗೆ ಹಾಕುವ ಹಾಗಿಲ್ಲ ಸರ್, ವ್ಯತ್ಯಾಸ ಇರಬೇಕು ಅಂದರು. ಒಬ್ಬ ಹುಡುಗನ ಅನುಭೂತಿ ಒಂಬತ್ತಕ್ಕೆ ಇಳಿಯಿತು. ಕ್ಷಮಿಸಪ್ಪ.

ಬಿಲ್ಲು ಕೊಡಬೇಕಿತ್ತಲ್ಲ, ಪರೀಕ್ಷಾ ವಿಭಾಗ ಹುಡುಕಿಕೊಂಡು ಹೊರಟೆ. ಎರಡು ಸುತ್ತು ಹಾಕಿದೆ. ಥರ್ಮೋಕೋಲಿನ ಐದೂ ಬೋರ್ಡು ಫೋಟೋ ತೆಗೆದ ಮೇಲೆ ಬೀರು ಸೇರಿದ್ದವು. ಕೊನೆಗೆ ಕಾಫಿಯಾದರೂ ಕುಡಿಯೋಣವೆಂದು ಕ್ಯಾಂಟೀನಿಗೆ ಹೋದರೆ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಹಲಗೆ, ಸೀಮೆಸುಣ್ಣದಲ್ಲಿ ದಪ್ಪಗೆ, ಒತ್ತು ದೀರ್ಘ ಎಲ್ಲ ಜಾಗದಲ್ಲಿ:

ಪರೀಕ್ಷಾ ವಿಭಾಗ ಹಿಂದ್ಗಡೆ. ಮೆಟ್ಲತ್ತಿ ಎಡಕ್ಕೆ. ಚಿಲ್ರೆ ಕೊಡಿ.